ಅಮೃತಮಹಲ್ ಕಾವಲುಗಳು

ಮಳೆಯ ಅಭಾವವೇ ಸಹಜವಾಗಿರುವ ಮೈಸೂರಿನ ಬಯಲುಸೀಮೆಯಲ್ಲಿ, ಅಂದರೆ ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಮೊದಲಾದ ಜಿಲ್ಲೆಗಳಲ್ಲಿ, ಅರಸರ ಗೋಸಂಪತ್ತಿನ ಮೇವಿಗೆಂದು ಕಾಯ್ದಿರಿಸಿದ ಹುಲ್ಲುಗಾವಲುಗಳಿಗೆ ಅಮೃತಮಹಲ್ ಕಾವಲುಗಳೆಂದು ಹೆಸರು. ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ಅರಮನೆಯ ಹಾಲು ಬೆಣ್ಣೆಗಳಿಗಾಗಿ ಏರ್ಪಡಿಸಿದ ಬೆಣ್ಣೆ ಚಾವಡಿಯೇ ಈ ವ್ಯವಸ್ಥೆಯ ಮೂಲ. ಹೈದರಾಲಿಯು ಅದರ ಎತ್ತುಗಳನ್ನು ಫಿರಂಗಿ ಎಳೆಯುವುದಕ್ಕೆ ಹೂಡಿದನು. ಟಿಪ್ಪು ಸುಲ್ತಾನನು ಆ ಚಾವಡಿಯ ಇಲಾಖೆಗೆ ಅಮೃತಮಹಲ್ ಎಂಬ ಹೆಸರನ್ನಿತ್ತನು. 1799ರ ತರುವಾಯ ಆಂಗ್ಲರ ಸೈನ್ಯವೂ ಇವೇ ಎತ್ತುಗಳನ್ನು ನಚ್ಚಿತು. ಮಿತವ್ಯಯದ ನೆಪದಲ್ಲಿ 1860ರಲ್ಲಿ ಇಲಾಖೆಯನ್ನು ಮುಚ್ಚಿದ ಸರ್ಕಾರವೇ, ಬೇಕಾದಂಥ ಎತ್ತುಗಳು ಬೇರೆಲ್ಲಿಯೂ ದೊರೆಯದೆ, 1866ರಲ್ಲಿ ಅದನ್ನು ಪುನಃ ಸ್ಥಾಪಿಸಬೇಕಾಯಿತು.

ಈ ವ್ಯವಸ್ಥೆಯ ಜೀವಾಳವಿದ್ದುದು ಕಾವಲುಗಳ ವಿಸ್ತಾರದಲ್ಲಿ ಎನ್ನುವುದಕ್ಕಿಂತ ಅವುಗಳ ಋತುವಿಭಾಗದಲ್ಲಿ ಎನ್ನುವುದೇ ಯುಕ್ತ. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಅವು ಮೂರು ಬಗೆ. ಕೆರೆಯಂಗಳದ ತೇವವೂ ದಡದ ಮರಗಳ ನೆರಳೂ ಉಳ್ಳ ನೆಲವು ಬೇಸಗೆಗೆ ಮೀಸಲು. ಮುಂಗಾರು ಬಿದ್ದು ದಿಣ್ಣೆಯ ಹುಲ್ಲು ಚಿಗುರಿತೆಂದರೆ ಮಂದೆಯ ಮೇಲ್ವಿಚಾರಕರಾದ ಸೇರ್ವೇಗಾರರು ಅದನ್ನು ಎಬ್ಬಿಸಿ ಮಳೆಗಾಲದ ಕಾವಲಿಗೆ ಹೊಡೆಯುತ್ತಿದ್ದರು. ಮಂದೆ ತೆರಳಿದ ನೆಲದಲ್ಲಿ ಹುಲ್ಲು ತೆನೆಗಟ್ಟಿ ಬೀಜವುದುರಿಸಲು ಅವಕಾಶವಾಗುತ್ತಿತ್ತು; ಬಿದ್ದ ಸಗಣಿಯು ಅಲ್ಲಿಯೇ ಗೊಬ್ಬರವಾಗುತ್ತಿತ್ತು. ನೆಲವನ್ನು ಮೇಯಿಸುತ್ತಲೇ ಚೇತರಿಸಿಕೊಳ್ಳಗೊಡುವ ಈ ಕ್ರಮವನ್ನು ಇಂದು ನೂತನ ವಿಜ್ಞಾನವೆಂದು ಬೋಧಿಸುವವರು ಮೈಸೂರಿನ ಹಳೆಯ ಗ್ಯಾಸೆಟಿಯರನ್ನು ಒಮ್ಮೆ ತಿರುವಿಹಾಕಬಹುದು.

ಈ ವ್ಯವಸ್ಥೆಯನ್ನು ಕಲ್ಪಿಸಿದವರ ಮನಸ್ಸಿನಲ್ಲಿ ವನ್ಯಮೃಗಗಳ ಯೋಚನೆ ಲವಲೇಶವೂ ಇದ್ದಂತೆ ತೋರುವುದಿಲ್ಲ. ಆದರೂ ನೇಗಿಲು ಕಾಣದ ಆ ಬಯಲುಗಳಲ್ಲಿ ಕೃಷ್ಣಮೃಗ, ತೋಳ, ನರಿಗಳಿಗೂ ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿಗಳಿಗೂ ಆಶ್ರಯವು ದೊರೆಯಿತು. ಸುತ್ತಣ ಹಳ್ಳಿಗಳ ಗೊಲ್ಲರೂ ಕುರುಬರೂ ರೂಢಿಯಿಂದ ಬಂದ ಮೇವಿನ ಹಕ್ಕಿನ ಮೇರೆಗೆ ಇಲ್ಲಿ ಕುರಿದನಗಳನ್ನು ಮೇಯಿಸುತ್ತ ಬಂದರು. ಚಳ್ಳಕೆರೆಯ ಕಂಬಳಿಯ ಖ್ಯಾತಿಗೆ ಈ ಹುಲ್ಲೇ ಆಧಾರ.

ಸ್ವಾತಂತ್ರ್ಯಾನಂತರ ಕಾವಲುಗಳು ಬಹುವಾಗಿ ಕ್ಷೀಣಿಸಿದವು. ಮರವಿಲ್ಲದ ನೆಲವೆಲ್ಲ ಬೀಳು ಎಂಬ ಭಾವನೆಯಿಂದ ಕೆಲವು ಸಾಗುವಳಿಗೆ ಹಂಚಿಹೋದವು, ಕೆಲವು ನೀಲಗಿರಿ ತೋಪುಗಳಾದವು. ಈ ಭಾವನೆಯ ಫಲವನ್ನು ನೆರೆಯ ರಾಣೆಬೆನ್ನೂರಿನಲ್ಲಿಯೂ ಕಾಣಬಹುದು: 1974ರಲ್ಲಿ ಅಭಯಾರಣ್ಯವಾದ ಆ ಬಯಲಿನಲ್ಲಿ, ನೀಲಗಿರಿಯ ನಡುವೆಯೂ ಕೃಷ್ಣಮೃಗಗಳು ವೃದ್ಧಿಸಿದವು, ದೂರದವರೆಗೂ ಕಾಣುವ ತೆರೆದ ಬಯಲನ್ನೇ ಬಯಸುವ ಎರೆಭೂತ ಪಕ್ಷಿಯು ಮಾತ್ರ ಇಲ್ಲವಾಯಿತು.

ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು 10,000 ಎಕರೆಗಳು ರಕ್ಷಣಾ ಹಾಗೂ ವೈಜ್ಞಾನಿಕ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಮಂಜೂರಾದಾಗ ಮೇವು ಕಳೆದುಕೊಂಡ ಹಳ್ಳಿಗರು ಪ್ರತಿಭಟಿಸಿದರು. ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕಾವಲುಗಳನ್ನು ಉಳಿಸಿಕೊಳ್ಳಲು ಬೇರೊಂದು ಮಾರ್ಗವನ್ನು ತೆರೆದುದು ವನ್ಯಜೀವಿ ಕಾಯಿದೆಗೆ 2002ರಲ್ಲಾದ ತಿದ್ದುಪಡಿ. ಅದರಂತೆ ಸರ್ಕಾರಿ ನೆಲವನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸುವ ಮುನ್ನ ಸ್ಥಳೀಯರೊಡನೆ ಸಮಾಲೋಚಿಸಬೇಕು. ನಿರ್ವಹಣೆಯ ಸಮಿತಿಯಲ್ಲಿ ಸಂಬಂಧಪಟ್ಟ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿರಬೇಕು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಇಂಥ ಮೀಸಲಾಯಿತು. ಸಮಿತಿಯ ಅಧಿಕಾರವಾದರೋ ಸಲಹೆ ಕೊಡುವಷ್ಟಕ್ಕೇ ಸೀಮಿತ.