ಟೂರಿಂಗ್ ರೇಸ್ ಕಾರು: ಸೆಡಾನ್‌ನಿಂದ ರೂಪಾಂತರ

ಜನಸಾಮಾನ್ಯರಿಗೆ ಮಾರಲೆಂದು ಕಾರ್ಖಾನೆಯಲ್ಲಿ ತಯಾರಾದ ಸೆಡಾನನ್ನು ಸರ್ಕ್ಯೂಟ್ ಓಟಕ್ಕೆ ಸಜ್ಜುಗೊಳಿಸಿದಾಗ ಅದು ಟೂರಿಂಗ್ ರೇಸ್ ಕಾರು ಎನಿಸಿಕೊಳ್ಳುತ್ತದೆ. ಫಾರ್ಮುಲಾ ಕಾರನ್ನು ಓಟಕ್ಕೆಂದೇ ಕಟ್ಟಲಾಗುತ್ತದೆ. ಆದರೆ ಟೂರಿಂಗ್ ಕಾರಿನಲ್ಲಿ ಮೂಲ ವಾಹನದ ಉಕ್ಕಿನ ಒಡಲು ಮತ್ತು ಹೊರರೂಪ ಉಳಿಯುತ್ತವೆ. ಭಾರತದಲ್ಲಿ ಈ ಕ್ರೀಡೆಯ ನಿಯಂತ್ರಣ ಎಫ್‌ಎಂಎಸ್‌ಸಿಐ ಸಂಸ್ಥೆಯದು. ರೂಪಾಂತರದಲ್ಲಿ ಮೊದಲ ಆದ್ಯತೆ ಚಾಲಕನ ರಕ್ಷಣೆಗೆ, ನಂತರ ಹಿಡಿತ ಮತ್ತು ಬ್ರೇಕಿಗೆ. ಎಂಜಿನ್ನಿನ ಬಲ ಹೆಚ್ಚಿಸುವ ಕೆಲಸ ಕೊನೆಯದು.

ಕಳಚುವಿಕೆ ಮತ್ತು ರೋಲ್ ಕೇಜ್

ಮೊದಲು ಸೀಟು, ಮ್ಯಾಟು, ಎ.ಸಿ., ಒಳಹೊದಿಕೆ ಎಲ್ಲವನ್ನೂ ಕಳಚುತ್ತಾರೆ. ಸದ್ದು ತಗ್ಗಿಸಲು ನೆಲಕ್ಕೆ ಅಂಟಿಸಿರುವ ಡಾಂಬರಿನಂಥ ಪದರವನ್ನು ಡ್ರೈ ಐಸ್ ಹಾಕಿ ಗಡುಸಾಗಿಸಿ, ಉಳಿಯಿಂದ ಒಡೆದು ತೆಗೆಯುತ್ತಾರೆ. ಖಾಲಿಯಾದ ಒಡಲೊಳಗೆ ಉಕ್ಕಿನ ಕೊಳವೆಗಳ ರೋಲ್ ಕೇಜ್ ಕೂರುತ್ತದೆ. ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ನಿಯಮದಂತೆ ಚಾಲಕನ ಬೆನ್ನ ಹಿಂದಿನ ಮುಖ್ಯ ಕಮಾನಿಗೆ ಬೆಸುಗೆಗೆರೆಯಿಲ್ಲದ ಕೊಳವೆ ಬೇಕು: 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ, ಇಲ್ಲವೇ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪ.

ಕೇಜ್ ಮೇಲ್ಛಾವಣಿಗೆ ಒತ್ತಿಕೊಂಡಿರುವುದರಿಂದ ಮೇಲಿನ ಕೀಲುಗಳ ಸುತ್ತ ವೆಲ್ಡಿಂಗ್ ಕಡ್ಡಿ ಹೋಗುವುದಿಲ್ಲ. ಆದ್ದರಿಂದ ಕುಶಲಿಗಳು ಕೇಜಿನ ಕಾಲುಗಳ ಅಡಿಯ ನೆಲದಲ್ಲಿ ತೂತು ಕೊರೆದು, ಇಡೀ ಚೌಕಟ್ಟನ್ನು ಕೆಳಗಿಳಿಸಿ, ಕೀಲುಗಳನ್ನು ಪೂರ್ತಿ ಬೆಸೆದು, ಮತ್ತೆ ಮೇಲೆತ್ತಿ, ಕಾಲಡಿಗೆ ಕನಿಷ್ಠ 3 ಮಿ.ಮೀ. ದಪ್ಪದ ಉಕ್ಕಿನ ತಟ್ಟೆ ಬೆಸೆಯುತ್ತಾರೆ. ಕಾರು ಮಗುಚಿದಾಗ ಚಾಲಕನ ಜೀವ ನಿಲ್ಲುವುದು ಈ ಬೆಸುಗೆಗಳ ಮೇಲೆ. ರೇಸ್ ಸೀಟು, ಹಾರ್ನೆಸ್ ಬೆಲ್ಟು, ಅಗ್ನಿಶಾಮಕ, ವಿದ್ಯುತ್ ಕಡಿತದ ಸ್ವಿಚ್ಚು, ಎಳೆಯುವ ಕೊಂಡಿ ಕೂಡ ಇದೇ ಹಂತದಲ್ಲಿ ಸೇರುತ್ತವೆ.

ತೂಕದ ಹೊಂದಾಣಿಕೆ

ಬಿರುಸಾದ ಸ್ಪ್ರಿಂಗ್, ಹೊಂದಿಸಬಲ್ಲ ಶಾಕ್ ಅಬ್ಸಾರ್ಬರ್ ಕೂರಿಸಿದ ಮೇಲೆ ಕಾರನ್ನು ಸಮತಟ್ಟಾದ ನೆಲದಲ್ಲಿ ನಾಲ್ಕು ತೂಕದ ಯಂತ್ರಗಳ ಮೇಲೆ ನಿಲ್ಲಿಸುತ್ತಾರೆ. ಚಾಲಕ ಸೀಟಿನಲ್ಲಿ ಕುಳಿತಿರಬೇಕು, ಅಥವಾ ಅವನ ತೂಕದಷ್ಟೇ ಮರಳಿನ ಚೀಲ ಇರಬೇಕು. ಒಟ್ಟು 1,000 ಕಿ.ಗ್ರಾಂ. ಇದ್ದರೆ ಮುಂದಿನ ಎಡ ಮತ್ತು ಹಿಂದಿನ ಬಲ ಚಕ್ರಗಳ ಭಾರ ಸೇರಿ 500 ಕಿ.ಗ್ರಾಂ. ಆಗಬೇಕು. ಒಂದು ಮೂಲೆಯ ಸ್ಪ್ರಿಂಗ್ ತಟ್ಟೆಯನ್ನು ತಿರುಗಿಸಿ ಏರಿಸಿದರೆ ಆ ಮೂಲೆಯ ಹಾಗೂ ಅದರ ಕರ್ಣದ ಮೂಲೆಯ ಭಾರ ಹೆಚ್ಚುತ್ತದೆ, ಉಳಿದೆರಡರದು ಇಳಿಯುತ್ತದೆ. ಈ ಲೆಕ್ಕ ತಪ್ಪಿದ ಕಾರು ಎಡ ತಿರುವಿನಲ್ಲಿ ಒಂದು ರೀತಿ, ಬಲ ತಿರುವಿನಲ್ಲಿ ಇನ್ನೊಂದು ರೀತಿ ವರ್ತಿಸುತ್ತದೆ.

ಬ್ರೇಕ್ ಮತ್ತು ಎಂಜಿನ್

1,000 ಕಿ.ಗ್ರಾಂ. ತೂಕದ ಕಾರು ಗಂಟೆಗೆ 160 ಕಿ.ಮೀ.ನಿಂದ 80ಕ್ಕೆ ಇಳಿಯುವಾಗ ಸುಮಾರು 740 ಕಿಲೋಜೂಲ್ ಶಕ್ತಿ ಕಳೆದುಕೊಳ್ಳುತ್ತದೆ. ಅದರ ಬಹುಪಾಲು ಬ್ರೇಕಿನಲ್ಲಿ ಶಾಖವಾಗುತ್ತದೆ. ಪ್ರತಿ ಸುತ್ತಿನಲ್ಲೂ ಇದು ಮರುಕಳಿಸಿದರೆ ಸಾಮಾನ್ಯ ಬ್ರೇಕ್ ಆಯಿಲ್ ಕುದಿದು, ಪೆಡಲ್ ನೆಲ ಮುಟ್ಟುತ್ತದೆ. ಹಾಗಾಗಿ ಹೆಚ್ಚು ಶಾಖ ತಾಳುವ ಪ್ಯಾಡ್, ಆಯಿಲ್ ಹಾಗೂ ಗಾಳಿ ತರುವ ಕೊಳವೆಗಳು ಬೇಕು. ಎಂಜಿನ್ನಿನಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಎಕ್ಸಾಸ್ಟ್, ರೇಡಿಯೇಟರ್ ಬದಲಾಗುತ್ತವೆ. ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪು ಬರಿದಾಗದಂತೆ ಆಯಿಲ್ ಸಂಪಿನೊಳಗೆ ಅಡ್ಡತಡೆ ಹಾಕುತ್ತಾರೆ.

ಭಾರತದ ಉದಾಹರಣೆಗಳು

ಬಿಡದಿಯಲ್ಲಿ ತಯಾರಾದ ಟೊಯೊಟಾ ಎಟಿಯೋಸ್ 2010ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದಿತು. ಅದರ 1,496 ಸಿ.ಸಿ. ಎಂಜಿನ್ನಿನ ಸೆಡಾನನ್ನೇ ಓಟಕ್ಕೆ ಒಗ್ಗಿಸಿ, 2012ರಲ್ಲಿ ಪ್ರದರ್ಶನ ಓಟಗಳನ್ನೂ 2013ರಲ್ಲಿ ಎಟಿಯೋಸ್ ಮೋಟಾರ್ ರೇಸಿಂಗ್ ಸರಣಿಯನ್ನೂ ನಡೆಸಲಾಯಿತು. ಪುಣೆ ಬಳಿಯ ಚಾಕಣದಲ್ಲಿ ತಯಾರಾಗುತ್ತಿದ್ದ ಫೋಕ್ಸ್‌ವ್ಯಾಗನ್ ವೆಂಟೊ 2015ರಲ್ಲಿ, ಅಮಿಯೊ 2017ರಲ್ಲಿ ಕಪ್ ಓಟಗಳಿಗೆ ಇಳಿದವು. ಮಾರಾಟದ ಪೆಟ್ರೋಲ್ ಅಮಿಯೊದಲ್ಲಿ 1.2 ಲೀಟರ್ ಎಂಜಿನ್ ಸುಮಾರು 75 ಅಶ್ವಶಕ್ತಿ ಕೊಡುತ್ತಿದ್ದರೆ, ಓಟದ ಕಾರಿಗೆ 1.8 ಲೀಟರಿನ ಸುಮಾರು 205 ಅಶ್ವಶಕ್ತಿಯ ಟರ್ಬೊ ಎಂಜಿನ್ ಕೂರಿಸಲಾಗಿತ್ತು. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಮತ್ತು ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್‌ಗಳು ಇಂಥ ಓಟಗಳ ಮುಖ್ಯ ನೆಲೆಗಳು.

ಬೆಳಗಾವಿಯ ಗಡಿ ತಾಲ್ಲೂಕುಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ರೇಸ್ ಸರ್ಕ್ಯೂಟ್ ಇಲ್ಲ. ಆದರೆ ವಾಹನೋದ್ಯಮದ ನಂಟು ಈ ಭಾಗಕ್ಕಿದೆ: ಪುಣೆ–ಬೆಂಗಳೂರು ಹೆದ್ದಾರಿ ನಿಪ್ಪಾಣಿಯ ಮೂಲಕವೇ ಹಾದುಹೋಗುತ್ತದೆ. ವಾಹನಗಳ ಎರಕದ ಭಾಗಗಳಿಗೆ ಹೆಸರಾದ ಬೆಳಗಾವಿ ಮತ್ತು ಕೊಲ್ಹಾಪುರದ ಫೌಂಡ್ರಿಗಳು ಇದೇ ಹೆದ್ದಾರಿಯ ಎರಡು ದಿಕ್ಕಿಗಿವೆ. ಬಿಡದಿ ಕಾರ್ಖಾನೆಯ ಭಾರತೀಯ ಪಾಲುದಾರರಾದ ಕಿರ್ಲೋಸ್ಕರ್ ಮನೆತನದ ಉದ್ಯಮ 1888ರಲ್ಲಿ ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭವಾಗಿ, 1910ರಲ್ಲಿ ಈಗಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರ್‌ವಾಡಿಗೆ ಸ್ಥಳಾಂತರಗೊಂಡಿತು. ಕೊಲ್ಹಾಪುರದಲ್ಲಿ ಮೊಹಿತೆ ಕಾರ್ಟಿಂಗ್ ಟ್ರ್ಯಾಕ್ ಇದ್ದು, ಅದೇ ಊರಿನ ಧ್ರುವ ಮೊಹಿತೆ ಅಮಿಯೊ ಕಪ್‌ನಲ್ಲಿ ಓಡಿದ್ದಾರೆ. ಗಡಿ ಭಾಗದ ಯುವಕರಿಗೆ ಈ ಟ್ರ್ಯಾಕ್ ಈ ಕ್ರೀಡೆಗೆ ಸಮೀಪದ ಒಂದು ಬಾಗಿಲು.

ಕಾನೂನು

ರೇಸ್ ಕಾರಿನ ಜಾಗ ಸರ್ಕ್ಯೂಟ್ ಮಾತ್ರ. ಟ್ರೇಲರ್ ಮೇಲೆ ಅಲ್ಲಿಗೆ ಸಾಗಿಸಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ನೋಂದಾಯಿತ ವಾಹನವನ್ನು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ನಡೆಸುವುದು 189ನೇ ಕಲಮಿನಡಿ ಅಪರಾಧ.