ಎದುರಾಳಿ ಸಿಗದ ಪೈಲ್ವಾನ್: ಕಲ್ಯಾಣದ ಹಮೀದಾ ಬಾನು

ನಾವಿರುವ ಸಾನಪಾಡಾದ ಸೊಸೈಟಿಯಲ್ಲಿ ವಿಜಯಪುರ ಕಡೆಯ ಒಂದು ಮನೆಯಿದೆ. ಆ ಮನೆಯ ಹುಡುಗಿ ಜಿಯು-ಜಿತ್ಸು ಕಲಿಯುತ್ತಾಳೆ. ಸಂಜೆ ಬಿಳಿ ದಪ್ಪ ಅಂಗಿಯನ್ನು ಚೀಲಕ್ಕೆ ತುರುಕಿಕೊಂಡು ಹೊರಡುತ್ತಾಳೆ. ಒಮ್ಮೆ ಲಿಫ್ಟಿನ ಹತ್ತಿರ ಅವಳ ಅಜ್ಜಿ ಸಿಕ್ಕು, "ಗಂಡುಹುಡುಗರ ಜೋಡಿ ಕುಸ್ತಿ ಹಿಡೀತಾಳಂತ ನೋಡ್ರಿ. ನಮ್ಮ ಕಾಲದಾಗ ಇಂಥಾದ್ದು ಎಲ್ಲಿತ್ತು?" ಅಂದರು.

ಇತ್ತು. ಅದೂ ದೂರದಲ್ಲೇನಲ್ಲ. ಸಾನಪಾಡಾದಿಂದ ಥಾಣೆಗೆ ಹೋಗಿ ಅಲ್ಲಿ ರೈಲು ಬದಲಿಸಿದರೆ ಸಿಗುವ ಕಲ್ಯಾಣದಲ್ಲಿ, ಒಂದು ಕಾಲಕ್ಕೆ ದೇಶವೆಲ್ಲ ಹೆಸರು ಹೇಳುತ್ತಿದ್ದ ಹೆಂಗಸೊಬ್ಬರು ಹಾಲು ಮಾರಿಕೊಂಡು ಬದುಕಿ, 1986ರಲ್ಲಿ ತೀರಿಕೊಂಡರು. ಹೆಸರು ಹಮೀದಾ ಬಾನು.

ಹಮೀದಾ ಉತ್ತರ ಪ್ರದೇಶದ ಮಿರ್ಜಾಪುರದವರು. ಹೆಣ್ಣು ಅಖಾಡಕ್ಕೆ ಇಳಿಯುವುದನ್ನು ಊರು ಒಪ್ಪಲಿಲ್ಲ. ಹೀಗಾಗಿ ಅಲಿಗಢಕ್ಕೆ ಬಂದು ಸಲಾಂ ಪೈಲ್ವಾನ್ ಎಂಬ ಉಸ್ತಾದರ ಕೈಕೆಳಗೆ ತಾಲೀಮು ಮಾಡಿದರು. ಎತ್ತರ 5 ಅಡಿ 3 ಅಂಗುಲ, ತೂಕ 108 ಕಿಲೊ. ದಿನಕ್ಕೆ ಆರು ತಾಸು ಸಾಧನೆ, ಒಂಬತ್ತು ತಾಸು ನಿದ್ದೆ. ಅವರ ಊಟದ ಪಟ್ಟಿಯನ್ನು ಪತ್ರಿಕೆಗಳು ಬೆರಗಿನಿಂದ ಅಚ್ಚು ಹಾಕುತ್ತಿದ್ದವು: ಐದೂವರೆ ಲೀಟರಿಗೂ ಹೆಚ್ಚು ಹಾಲು, ಒಂದು ಇಡೀ ಕೋಳಿ, ಸುಮಾರು ಒಂದು ಕಿಲೊ ಮಟನ್, ಅರ್ಧ ಕಿಲೊ ಬೆಣ್ಣೆ, ಆರು ಮೊಟ್ಟೆ, ಬಾದಾಮಿ, ಎರಡು ತಟ್ಟೆ ಬಿರಿಯಾನಿ. 'ಅಲಿಗಢದ ಅಮೆಜಾನ್' ಎಂಬ ಬಿರುದು ಕೊಟ್ಟದ್ದೂ ಪತ್ರಿಕೆಗಳೇ.

ಪತ್ರಿಕೆಗಳು ಊಟವನ್ನು ಎಣಿಸಿದಷ್ಟು ಶ್ರದ್ಧೆಯಿಂದ ಅವರ ಗೆಲುವುಗಳನ್ನು ಎಣಿಸಲಿಲ್ಲ. 1954ರ ಹೊತ್ತಿಗೆ ತಾವು 320 ಕುಸ್ತಿ ಗೆದ್ದಿರುವುದಾಗಿ ಹಮೀದಾ ಹೇಳಿಕೊಳ್ಳುತ್ತಿದ್ದರು. ಅದು ಅವರದೇ ಲೆಕ್ಕ. ತಾಳೆ ನೋಡಲು ಯಾವ ಸಂಘದ ದಫ್ತರವೂ ಇಲ್ಲ, ಏಕೆಂದರೆ ಹೆಣ್ಣಿನ ಕುಸ್ತಿಯನ್ನು ಬರೆದಿಡಬೇಕಾದ ಸಂಘವೇ ಆಗ ಇರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಜೋಡಿಯದು. ಗರಡಿಮನೆಯ ಹುಡುಗನಿಗೆ ತೂಕಕ್ಕೆ ತಕ್ಕ ಜೋಡಿ ಹುಡುಕಿ ಕುಸ್ತಿ ಕಟ್ಟುತ್ತಾರೆ. ಹಮೀದಾ ಮಾತ್ರ ಎದುರಾಳಿಗಾಗಿ ಗಂಡಸರನ್ನೇ ಕರೆಯಬೇಕಿತ್ತು, ಗಂಡಸರು ಬರಲು ಹಿಂಜರಿಯುತ್ತಿದ್ದರು. ಸೋತರೆ ಮಾನ ಹೋಗುತ್ತದೆ, ಗೆದ್ದರೆ ಹೆಂಗಸನ್ನು ಗೆದ್ದ ಹೆಸರು ಬರುತ್ತದೆ.

1954ರ ಫೆಬ್ರುವರಿಯಲ್ಲಿ ಅವರು ಹೊರಡಿಸಿದ ಸವಾಲನ್ನು ಈ ಹಿನ್ನೆಲೆಯಲ್ಲಿ ಓದಬೇಕು. ತನ್ನನ್ನು ಕುಸ್ತಿಯಲ್ಲಿ ಸೋಲಿಸಿದವನನ್ನು ಮದುವೆಯಾಗುತ್ತೇನೆ ಎಂದರು. ಇವತ್ತು ಇದನ್ನು ತಮಾಷೆಯ ಸಂಗತಿಯೆಂಬಂತೆ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಒಬ್ಬ ಎದುರಾಳಿಯನ್ನು ಅಖಾಡಕ್ಕೆ ಕರೆತರಲು ತನ್ನ ಇಡೀ ಬದುಕನ್ನೇ ಪಣಕ್ಕಿಡಬೇಕಾಗಿ ಬಂದದ್ದು ಯಾವ ಗಂಡು ಪೈಲ್ವಾನನಿಗೆ?

ಸವಾಲಿಗೆ ಬಂದ ಪಟಿಯಾಲಾದ ಒಬ್ಬ, ಕಲ್ಕತ್ತೆಯ ಒಬ್ಬ ಸೋತುಹೋದರು. ಮೂರನೆಯ ಕುಸ್ತಿ ಬರೋಡದಲ್ಲಿ. ಅಲ್ಲಿನ ಮಹಾರಾಜರ ಆಶ್ರಯದಲ್ಲಿದ್ದ ಛೋಟೆ ಗಾಮಾ ಹೆಂಗಸಿನೊಂದಿಗೆ ಸೆಣಸುವುದಿಲ್ಲವೆಂದು ಹಿಂದೆ ಸರಿದ. ಅವನ ಬದಲಿಗೆ ಬಂದ ಬಾಬಾ ಪೈಲ್ವಾನನನ್ನು ಹಮೀದಾ 1 ನಿಮಿಷ 34 ಸೆಕೆಂಡಿನಲ್ಲಿ ಕೆಡವಿದರು. ಅದೇ ವರ್ಷ ಮುಂಬಯಿಯಲ್ಲಿ ರಷ್ಯಾದ 'ಹೆಣ್ಣು ಕರಡಿ' ಎಂದು ಹೆಸರಾದ ವೆರಾ ಚಿಸ್ಟಿಲಿನ್ ಎದುರು ನಿಂತಳು. ಆ ಕುಸ್ತಿ ಒಂದು ನಿಮಿಷವೂ ನಡೆಯಲಿಲ್ಲ.

ಗೆದ್ದರೂ ಜನ ನಂಬಲಿಲ್ಲ. ನಮ್ಮ ಬೆಳಗಾವಿ, ಧಾರವಾಡ ಸೀಮೆಯ ಪೈಲ್ವಾನರಿಗೆ ಕೊಲ್ಲಾಪುರವೆಂದರೆ ಕಾಶಿಯಿದ್ದಂತೆ. ಶಾಹು ಮಹಾರಾಜರು ಕುಸ್ತಿಯನ್ನು ಪೋಷಿಸಿದ ಊರು ಅದು. ಅದೇ ಕೊಲ್ಲಾಪುರದಲ್ಲಿ ಹಮೀದಾ ಗಂಡಸೊಬ್ಬನನ್ನು ಸೋಲಿಸಿದಾಗ ಜನ ಕೂಗಾಡಿ ಕಲ್ಲು ತೂರಿದರು, ಪೊಲೀಸರು ಬರಬೇಕಾಯಿತು. ಪುಣೆಯಲ್ಲಿ ಗೊತ್ತಾಗಿದ್ದ ಒಂದು ಕುಸ್ತಿ ಸ್ಥಳೀಯ ಕುಸ್ತಿ ಸಂಘದ ಆಕ್ಷೇಪದಿಂದ ರದ್ದಾಯಿತು. ತನ್ನ ಕುಸ್ತಿಗಳಿಗೆ ತಡೆ ಬಂದಾಗ ಹಮೀದಾ ಆಗಿನ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಯವರಿಗೆ ದೂರು ಕೊಟ್ಟರು. ತಡೆದದ್ದು ಹೆಣ್ಣೆಂಬ ಕಾರಣಕ್ಕಲ್ಲ, ಕುಸ್ತಿ ಏರ್ಪಡಿಸುವವರು ಅವರೆದುರು ಡಮ್ಮಿಗಳನ್ನು ನಿಲ್ಲಿಸುತ್ತಾರೆಂಬ ದೂರಿದೆ ಎಂಬುದು ದೇಸಾಯಿಯವರ ಉತ್ತರ.

ಈ ಆರೋಪವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಟಿಕೆಟ್ ಹಚ್ಚಿ ನಡೆಸುತ್ತಿದ್ದ ಆ ಕಾಲದ ಕುಸ್ತಿಯಲ್ಲಿ ಅರ್ಧ ಆಟ, ಅರ್ಧ ಸರ್ಕಸ್. ಹಮೀದಾ ಗೆಲುವುಗಳಲ್ಲೂ ಕೆಲವು ಮೊದಲೇ ಮಾತಾಡಿಕೊಂಡವು ಇದ್ದಿರಬಹುದು. ಆದರೆ ನಿಜವಾದ ಜೋಡಿ ಸಿಗದಂತೆ ಬಾಗಿಲು ಹಾಕಿದ ಮೇಲೆ, ಸಿಕ್ಕ ಜೋಡಿ ನಿಜದ್ದಲ್ಲ ಎಂದು ದೂರುವುದು ಯಾವ ನ್ಯಾಯ?

ಈಗ ಆ ಹುಡುಗಿಯ ಆಟಕ್ಕೆ ಬರೋಣ. ಜಿಯು-ಜಿತ್ಸುವಿನಲ್ಲಿ ಗುದ್ದಾಟವಿಲ್ಲ. ಹಿಡಿತ, ನೆಲದ ಮೇಲಿನ ಹೊರಳಾಟ, ಕೈಕಾಲಿಗೋ ಕುತ್ತಿಗೆಗೋ ಹಾಕುವ ಪಟ್ಟು. ತಾಳಲಾರದವರು ಕೈಯಿಂದ ತಟ್ಟಿ ಸೋಲೊಪ್ಪುತ್ತಾರೆ. ಜಪಾನಿನ ಮಿತ್ಸುಯೊ ಮಯೆದಾ 1914ರಲ್ಲಿ ಬ್ರೆಜಿಲ್‌ಗೆ ಬಂದು ಕಲಿಸಿದ ವಿದ್ಯೆಯನ್ನು ಅಲ್ಲಿನ ಗ್ರೇಸಿ ಮನೆತನ ಬೆಳೆಸಿತು. ಬ್ರೆಜಿಲ್ ಸರಕಾರ 1941ರಲ್ಲಿ, ಹೆಣ್ಣಿನ ಪ್ರಕೃತಿಗೆ ಒಗ್ಗದ ಆಟಗಳನ್ನು ಹೆಂಗಸರು ಆಡಕೂಡದೆಂದು ಕಾನೂನು ಮಾಡಿತು. 1965ರಲ್ಲಿ ಎಲ್ಲ ಬಗೆಯ ಕಾದಾಟದ ಆಟಗಳನ್ನೂ ಹೆಸರಿಸಿ ನಿಷೇಧಿಸಿತು. ಅದು ತೆರವಾದದ್ದು 1979ರಲ್ಲಿ. 1990ರಲ್ಲಿ ಇವೋನಿ ಡುವಾರ್ಟೆ ಆ ದೇಶದಲ್ಲಿ ಜಿಯು-ಜಿತ್ಸುವಿನ ಕಪ್ಪು ಬೆಲ್ಟ್ ಪಡೆದ ಮೊದಲ ಮಹಿಳೆಯಾದರು. ವಿಶ್ವ ಚಾಂಪಿಯನ್‌ಶಿಪ್ 1996ರಲ್ಲೇ ಶುರುವಾದರೂ ಅದರಲ್ಲಿ ಮಹಿಳೆಯರ ವಿಭಾಗ ಬಂದದ್ದು 1998ರಲ್ಲಿ. ಇವತ್ತು ಆ ಆಟದಲ್ಲಿ ಹೆಣ್ಣೊಬ್ಬಳು ಚಾಂಪಿಯನ್ ಎಂದರೆ ಅದರ ಹಿಂದೆ ತೂಕದ ವಿಭಾಗ, ಬೆಲ್ಟಿನ ಬಣ್ಣ, ಪಾಯಿಂಟು, ಎದುರಾಳಿಯ ಹೆಸರು ಎಲ್ಲವೂ ದಾಖಲೆಯಲ್ಲಿರುತ್ತವೆ. ಅವಳು ಡಮ್ಮಿಯನ್ನು ಗೆದ್ದಳೆಂದು ಯಾರೂ ಹೇಳಲಾರರು. ಹಮೀದಾಗೆ ಸಿಗದೆ ಹೋದದ್ದು ಇದು.

ಚಿಸ್ಟಿಲಿನ್ ಮೇಲಿನ ಗೆಲುವಿನ ನಂತರ ಯುರೋಪಿಗೆ ಹೋಗಿ ಸೆಣಸುವುದಾಗಿ ಹಮೀದಾ ಹೇಳಿದ್ದರು. ಆಮೇಲೆ ಕುಸ್ತಿಯ ಸುದ್ದಿಗಳಿಂದ ಅವರ ಹೆಸರೇ ಮಾಯವಾಯಿತು. ಕಾರಣ ಹೊರಬಿದ್ದದ್ದು ಎಷ್ಟೋ ವರ್ಷಗಳ ನಂತರ, ಮೊಮ್ಮಗ ಬಿಬಿಸಿಯೊಂದಿಗೆ ಮಾತಾಡಿದಾಗ. ಯುರೋಪಿಗೆ ಹೋಗುವುದು ಸಲಾಂಗೆ ಇಷ್ಟವಿರಲಿಲ್ಲ, ತಡೆಯಲು ಹೊಡೆದು ಕೈ ಮುರಿದ ಎಂದು ಮೊಮ್ಮಗ ಹೇಳಿದರು. ಕಾಲೂ ಮುರಿದಿತ್ತು, ವರ್ಷಗಟ್ಟಲೆ ಕೋಲು ಹಿಡಿದು ನಡೆಯುತ್ತಿದ್ದರು ಎಂದು ನೆರೆಮನೆಯವರೊಬ್ಬರು ನೆನೆದರು. ಸಲಾಂ ಅವರನ್ನು ಮದುವೆಯಾಗಿದ್ದ ಎಂಬುದು ಸಲಾಂ ಮಗಳ ಮಾತು. ಇವೆಲ್ಲ ಮನೆಯವರ, ನೆರೆಯವರ ನೆನಪುಗಳು. ಆದರೂ ಗಂಡಸರನ್ನು ನೆಲಕ್ಕೆ ತಂದ ಹೆಂಗಸಿನ ಕೈ ಮನೆಯೊಳಗೆ ಮುರಿಯಿತೆಂಬುದನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ.

ಸಲಾಂ ಅಲಿಗಢಕ್ಕೆ ಮರಳಿದ. ಹಮೀದಾ ಕಲ್ಯಾಣದಲ್ಲೇ ಉಳಿದು ಹಾಲಿನ ವ್ಯಾಪಾರ ನಡೆಸಿದರು, ಮನೆ ಬಾಡಿಗೆ ಕೊಟ್ಟರು. ಕೈ ಬರಿದಾದಾಗ ಮನೆಯಲ್ಲೇ ತಿಂಡಿ ಮಾಡಿ ರಸ್ತೆಬದಿ ಕುಳಿತು ಮಾರಿದರು. 2024ರ ಮೇ 4ರಂದು ಬೆಂಗಳೂರಿನ ಕಲಾವಿದೆ ದಿವ್ಯಾ ನೇಗಿ ಬಿಡಿಸಿದ ಅವರ ಚಿತ್ರವನ್ನು ಗೂಗಲ್ ತನ್ನ ಮುಖಪುಟದಲ್ಲಿ ಹಾಕಿತು. ಆ ದಿನ ಹೆಸರು ಕೇಳಿದವರಲ್ಲಿ ಹೆಚ್ಚಿನವರಿಗೆ ಅದೇ ಮೊದಲು.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಕೇಳಿ, "ಪಾಪ, ಆಕಿಗೆ ಒಂದು ಸರಿಜೋಡಿ ಸಿಗಲಿಲ್ಲ ನೋಡ್ರಿ" ಅಂದರು. ಹೋದ ತಿಂಗಳು ಮೊಮ್ಮಗಳು ಒಂದು ಸ್ಪರ್ಧೆಯಲ್ಲಿ ಮೊದಲ ಸುತ್ತಿನಲ್ಲೇ ಸೋತು ಬಂದಳು. ಲಿಫ್ಟಿನಲ್ಲಿ ಸಿಕ್ಕಾಗ ಬೇಜಾರಾಯಿತೇ ಎಂದು ಕೇಳಿದೆ. "ಇಲ್ಲ ಕಾಕಾ, ಅವಳೂ ನನ್ನಷ್ಟೇ ತೂಕದವಳು, ನನಗಿಂತ ಚೆನ್ನಾಗಿ ಆಡಿದಳು" ಅಂದಳು. ಮುಂದಿನ ಸಲ ಅವಳನ್ನೇ ಎದುರಿಸಬೇಕಂತೆ.