ಬಲಚಾಲನೆಗೆ ಕಾರಿನ ಮಾರ್ಪಾಡು

ಎಡಬದಿಯಲ್ಲಿ ಕೂತು ಓಡಿಸುವಂತೆ ತಯಾರಾದ ಕಾರಿನ ಸ್ಟೀರಿಂಗ್, ಪೆಡಲು, ಬ್ರೇಕಿನ ಮಾಸ್ಟರ್ ಸಿಲಿಂಡರ್, ಡ್ಯಾಶ್‌ಬೋರ್ಡ್ ಮೊದಲಾದವನ್ನು ಬಲಬದಿಗೆ ವರ್ಗಾಯಿಸುವ ಕೆಲಸ. ವಾಹನಗಳು ರಸ್ತೆಯ ಎಡಮಗ್ಗುಲಲ್ಲಿ ಸಾಗುವ ದೇಶಗಳಲ್ಲಿ, ಅದರಲ್ಲೂ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಬ್ರಿಟನ್ನಿನಲ್ಲಿ, ಇದು ಹೆಚ್ಚು ರೂಢಿಯಲ್ಲಿದೆ. ಕಾರ್ಖಾನೆಗಳು ಇದನ್ನು ಸಾಲುಸಾಲಾಗಿ ಮಾಡುತ್ತವೆ. ಹವ್ಯಾಸಿಗಳು ಮನೆಯ ಗ್ಯಾರೇಜಿನಲ್ಲಿ ಒಂದೊಂದೇ ಕಾರನ್ನು ಹಿಡಿದು ಮಾಡುತ್ತಾರೆ. ನೋಡಿದವರಿಗೆ ಸ್ಟೀರಿಂಗನ್ನು ಎರಡಡಿ ಆಚೆಗೆ ಸರಿಸಿದಂತೆ ಕಂಡರೂ ನಿಜವಾಗಿ ಇದು ಕಾರಿನ ಮುಂಭಾಗದ ಕನ್ನಡಿಬಿಂಬವನ್ನು ಕಟ್ಟುವ ಕೆಲಸ. ಎಡಗಾಲಿನ ಚಪ್ಪಲಿಯನ್ನು ಯಾವ ಕಡೆಗೆ ತಿರುಗಿಸಿಟ್ಟರೂ ಅದು ಬಲಗಾಲಿಗೆ ಒಗ್ಗದು. ಸ್ಟೀರಿಂಗಿನ ಬಹುತೇಕ ಭಾಗಗಳೂ ಹಾಗೆಯೇ. ಈ ಮಾರ್ಪಾಡಿನ ಕಷ್ಟಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲಿಂದಲೇ.

ಹಿನ್ನೆಲೆ

ಅಮೆರಿಕದಲ್ಲಿ ಎಡಬದಿಯ ಸ್ಟೀರಿಂಗ್ ಗಟ್ಟಿಯಾಗಿ ನೆಲೆಯೂರಿದ್ದು 1908ರ ಫೋರ್ಡ್ ಮಾಡೆಲ್ ಟಿ ಬಂದ ಮೇಲೆ. ಬ್ರಿಟಿಷ್ ಸಾಮ್ರಾಜ್ಯದ ಬಹುಪಾಲು ದೇಶಗಳಲ್ಲಿ ಓಡಾಟ ಎಡಮಗ್ಗುಲಲ್ಲಿತ್ತು. ಆ ಮಾರುಕಟ್ಟೆಗೆಂದೇ ಕೆನಡಾದ ಫೋರ್ಡ್ ಕಂಪನಿ ಬಲಚಾಲನೆಯ ಕಾರುಗಳನ್ನು ತಯಾರಿಸಿ ಆಸ್ಟ್ರೇಲಿಯಾ, ಭಾರತ ಮುಂತಾದ ಕಡೆಗೆ ಕಳಿಸುತ್ತಿತ್ತು. ಹಾಗಾಗಿ ಹಳೆಯ ಅಮೆರಿಕನ್ ಕಾರುಗಳಲ್ಲಿ ಕೆಲವಕ್ಕೆ ಕಾರ್ಖಾನೆಯದೇ ಬಲಚಾಲನೆಯ ಬಿಡಿಭಾಗಗಳು ಸಿಗುತ್ತವೆ. ಮುಂದೆ ಬಂದ ಹಲವು ಜನಪ್ರಿಯ ಮಾದರಿಗಳಿಗೆ ಈ ಭಾಗ್ಯವಿರಲಿಲ್ಲ. 1964ರಲ್ಲಿ ಬಂದ ಫೋರ್ಡ್ ಮಸ್ಟಾಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಕಾರ್ಖಾನೆಯಿಂದಲೇ ಬಲಚಾಲನೆಯ ಮಸ್ಟಾಂಗ್ ಹೊರಬರಲು ಆರನೆಯ ತಲೆಮಾರಿನ ತನಕ, ಅಂದರೆ 2015ರವರೆಗೆ, ಕಾಯಬೇಕಾಯಿತು. ನಡುವಿನ ಅರ್ಧ ಶತಮಾನದಲ್ಲಿ ಆಸ್ಟ್ರೇಲಿಯಾದ ರಸ್ತೆಗಳಲ್ಲಿ ಓಡಿದ ಬಲಚಾಲನೆಯ ಮಸ್ಟಾಂಗ್‌ಗಳೆಲ್ಲ ಕತ್ತರಿಸಿ ಜೋಡಿಸಿದವೇ. ಫೋರ್ಡ್‌ನ ಆಸ್ಟ್ರೇಲಿಯಾ ಶಾಖೆ 1960ರ ದಶಕದ ನಡುವೆ ಸಿಡ್ನಿಯ ಹೋಮ್‌ಬುಷ್ ಕಾರ್ಖಾನೆಯಲ್ಲಿ ಸುಮಾರು 200 ಕಾರುಗಳನ್ನು ಹೀಗೆ ಬದಲಿಸಿ ಮಾರಿತು. ಉಳಿದವುಗಳಲ್ಲಿ ಹೆಚ್ಚಿನವು ಸಣ್ಣ ವರ್ಕ್‌ಶಾಪುಗಳಲ್ಲಿ, ಮನೆಯ ಶೆಡ್ಡುಗಳಲ್ಲಿ ಬದಲಾದವು. ಇಂದಿಗೂ ಮೆಲ್ಬರ್ನಿನ ಹೊರವಲಯದಲ್ಲಿ ಅಮೆರಿಕದ ದೊಡ್ಡ ಪಿಕಪ್ ಟ್ರಕ್ಕುಗಳನ್ನು ಬಲಚಾಲನೆಗೆ ಬದಲಿಸುವ ಕಾರ್ಖಾನೆಗಳು ನಡೆಯುತ್ತಿವೆ.

ಬ್ರಿಟನ್ನಿನ ಕಥೆ ಬೇರೆ. ಅಲ್ಲಿಯ ಜಾಗ್ವಾರ್ ಇ-ಟೈಪ್, ಎಂಜಿಬಿ, ಆಸ್ಟಿನ್-ಹೀಲಿ ಕಾರುಗಳು ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ಮಾರಾಟವಾಗಿದ್ದವು. ಒಣಹವೆಯ ರಾಜ್ಯಗಳಲ್ಲಿ ತುಕ್ಕು ಹಿಡಿಯದೆ ಉಳಿದ ಅವೇ ಕಾರುಗಳನ್ನು ದಶಕಗಳ ಮೇಲೆ ತವರಿಗೆ ತರಿಸಿಕೊಂಡು ಬಲಚಾಲನೆಗೆ ತಿರುಗಿಸುತ್ತಾರೆ. ಮನೆಯ ಗ್ಯಾರೇಜಿಗೆ ಒಪ್ಪುವ ಕೆಲಸವೆಂದರೆ ಇದು. ಈ ಕಾರುಗಳನ್ನು ಕಾರ್ಖಾನೆ ಮೊದಲಿನಿಂದಲೂ ಎರಡೂ ರೂಪಗಳಲ್ಲಿ ತಯಾರಿಸಿತ್ತು. ಎಂಜಿಬಿಯಂಥ ಕಾರಿನ ಎಂಜಿನಿಗೂ ಒಳಾಂಗಣಕ್ಕೂ ನಡುವಿನ ಗೋಡೆಯಾದ ಫೈರ್‌ವಾಲಿನಲ್ಲಿ ಪೆಡಲಿನ ಕಿಂಡಿ ಎರಡೂ ಕಡೆ ಇದ್ದು, ಬೇಡದ ಕಡೆಯದನ್ನು ತಗಡಿನಿಂದ ಮುಚ್ಚಿರುತ್ತಾರೆ. ಇಲ್ಲಿ ಬೇಕಾದುದು ಸರಿಯಾದ ಬಿಡಿಭಾಗಗಳ ಪಟ್ಟಿ ಮತ್ತು ತಾಳ್ಮೆ. ಮಸ್ಟಾಂಗ್‌ನಂಥ ಕಾರಿಗಾದರೆ ಇಲ್ಲದ ಭಾಗವನ್ನು ಹೊಸದಾಗಿ ಹುಟ್ಟಿಸಬೇಕು.

ಎರಡು ರೂಪಗಳ ಈ ತಾಪತ್ರಯ ತಯಾರಕರನ್ನೂ ಕಾಡಿದ್ದುಂಟು. 1947ರ ಮೊದಲ ಲ್ಯಾಂಡ್ ರೋವರ್ ಪ್ರಯೋಗವಾಹನದಲ್ಲಿ ಸ್ಟೀರಿಂಗನ್ನು ನಟ್ಟನಡುವೆ ಇಟ್ಟಿದ್ದರು. ಮಾರಾಟಕ್ಕೆ ಬಂದ ವಾಹನದಲ್ಲಿ ಅದು ಉಳಿಯಲಿಲ್ಲ. ಕಾರುಗಳಿಗೆ ಹೊಂದುವಂತೆ ರಸ್ತೆಯ ನಿಯಮವನ್ನೇ ಬದಲಿಸಿದ ದೇಶಗಳೂ ಇವೆ. ಸ್ವೀಡನ್ ಎಡಮಗ್ಗುಲಿನಿಂದ ಬಲಕ್ಕೆ ಹೊರಳಿದ 1967ರ ಸೆಪ್ಟೆಂಬರ್ 3ರಂದು ಅಲ್ಲಿನ ಬಹುತೇಕ ಕಾರುಗಳ ಸ್ಟೀರಿಂಗ್ ಮೊದಲೇ ಎಡಕ್ಕಿತ್ತು. ಸಮೋವಾ 2009ರ ಸೆಪ್ಟೆಂಬರ್ 7ರಂದು ಬಲದಿಂದ ಎಡಕ್ಕೆ ಬಂದದ್ದು ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಅಗ್ಗದ ಹಳೆಯ ಕಾರುಗಳನ್ನು ತರಿಸಿಕೊಳ್ಳಲು ಅನುಕೂಲವಾಗಲಿ ಎಂದು.

ಸ್ಟೀರಿಂಗ್

ಇಂದಿನ ಕಾರುಗಳಲ್ಲಿ ಸಾಮಾನ್ಯವಾಗಿರುವುದು ರ‍್ಯಾಕ್ ಮತ್ತು ಪಿನಿಯನ್ ಸ್ಟೀರಿಂಗ್. ಹಲ್ಲುಗಳುಳ್ಳ ಉದ್ದನೆಯ ಸರಳೊಂದು ಅಡ್ಡಲಾಗಿ ಮಲಗಿರುತ್ತದೆ. ಎಡಚಾಲನೆಯ ಕಾರಿನಲ್ಲಿ ಅದರ ಎಡತುದಿಯ ಬಳಿ ಪಿನಿಯನ್ ಎಂಬ ಪುಟ್ಟ ಗೇರು ಕೂತಿರುತ್ತದೆ. ಇದನ್ನು ಬಲಚಾಲನೆಗೆ ತರುವುದು ಸುಲಭವೆಂದು ಹೊಸಬರಿಗೆ ತೋರುತ್ತದೆ: ಬಿಚ್ಚಿ ಮಗುಚಿ ಹಾಕಿದರೆ ಪಿನಿಯನ್ ಬಲಕ್ಕೆ ಬಂತಲ್ಲ ಎಂದು. ಬಲಕ್ಕೇನೋ ಬರುತ್ತದೆ, ಅದರ ದಂಡ ಮೊದಲಿನಂತೆ ಡ್ರೈವರಿನ ಕಡೆಗೇ ಮುಖಮಾಡಿಯೂ ನಿಲ್ಲುತ್ತದೆ. ಆದರೆ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರೆ ಚಕ್ರಗಳು ಎಡಕ್ಕೆ ಹೊರಳುತ್ತವೆ. ಮಗುಚಿದಾಗ ಪಿನಿಯನ್ ಸುತ್ತುವ ದಿಕ್ಕು ಅದೇ ಉಳಿದು, ಸರಳು ಜಾರುವ ದಿಕ್ಕು ಮಾತ್ರ ತಿರುವುಮುರುವಾಗುವುದೇ ಇದಕ್ಕೆ ಕಾರಣ.

ಆಕ್ಸಲಿನ ಹಿಂದಿದ್ದ ರ‍್ಯಾಕನ್ನು ಮುಂದಕ್ಕೆ ತಂದು, ಚಕ್ರಗಳನ್ನು ಹೊತ್ತು ತಿರುಗುವ ನಕಲ್‌ಗಳನ್ನು ಎಡಬಲ ಅದಲುಬದಲು ಮಾಡಿ ಈ ದೋಷ ನೀಗಿಸುವವರಿದ್ದಾರೆ. ದಿಕ್ಕು ಸರಿಹೋಗುತ್ತದೆ, ಇನ್ನೊಂದು ಲೆಕ್ಕ ಕೆಡುತ್ತದೆ. ತಿರುವಿನಲ್ಲಿ ಒಳಬದಿಯ ಚಕ್ರ ಹೊರಬದಿಯದಕ್ಕಿಂತ ಹೆಚ್ಚು ಹೊರಳಬೇಕು. ನಕಲ್‌ನ ತೋಳುಗಳನ್ನು ತುಸು ಓರೆಯಾಗಿ ಎರಕ ಹೊಯ್ದಿರುವುದು ಇದಕ್ಕಾಗಿ. ಹಿಂದಕ್ಕೆ ಚಾಚಿದಾಗ ಒಳಮುಖವಾಗಿ ಸರಿಯಿದ್ದ ಓರೆ, ಮುಂದಕ್ಕೆ ಚಾಚಿದಾಗ ಹೊರಮುಖವಾಗಿರಬೇಕಿತ್ತು. ಬರೀ ಅದಲುಬದಲಿನಿಂದ ಅದು ಬರುವುದಿಲ್ಲ, ತಿರುವಿನಲ್ಲಿ ಟೈರುಗಳು ಉಜ್ಜಿಕೊಂಡು ಸವೆಯುತ್ತವೆ. ಅದೇ ಮಾದರಿಯ ಬಲಚಾಲನೆಯ ಕಾರಿನ ರ‍್ಯಾಕನ್ನು, ಅದು ಸಿಗದಿದ್ದರೆ ಅಳತೆ ಹೊಂದುವ ಬೇರೊಂದು ಬಲಚಾಲನೆಯ ರ‍್ಯಾಕನ್ನು ಹುಡುಕಿ ತರುವುದೇ ಸರಿಯಾದ ದಾರಿ.

ಹಳೆಯ ಅಮೆರಿಕನ್ ಕಾರುಗಳಲ್ಲಿ ರ‍್ಯಾಕಿನ ಬದಲು ಸ್ಟೀರಿಂಗ್ ಬಾಕ್ಸ್ ಇರುತ್ತದೆ. ಬಾಕ್ಸಿನಿಂದ ಇಳಿದ ಪಿಟ್‌ಮನ್ ತೋಳು ನಡುವಿನ ಕೊಂಡಿಯನ್ನು ಅತ್ತಿತ್ತ ಎಳೆಯುತ್ತದೆ. ಇನ್ನೊಂದು ಬದಿಯಲ್ಲಿ ಐಡ್ಲರ್ ತೋಳು ಆ ಕೊಂಡಿಗೆ ಆಸರೆ ಕೊಡುತ್ತದೆ. ಬಲಚಾಲನೆಯಲ್ಲಿ ಈ ಎರಡೂ ತೋಳುಗಳು ಜಾಗ ಬದಲಿಸುತ್ತವೆ. ಬಾಕ್ಸ್ ನಿಜವಾದ ಕನ್ನಡಿಬಿಂಬವಾಗಿರಬೇಕಾದರೆ ಒಳಗಿನ ವರ್ಮ್ ಗೇರಿನ ಸುರುಳಿಯೂ ಎದುರು ದಿಕ್ಕಿನದಾಗಿರಬೇಕು, ಅದನ್ನು ಗ್ಯಾರೇಜಿನಲ್ಲಿ ಮಾಡಲಾಗದು. ಆಸ್ಟ್ರೇಲಿಯಾದವರು ಇಲ್ಲಿ ಅದೃಷ್ಟವಂತರು. ಅಮೆರಿಕದ ಕಂಪನಿಗಳೇ ಅಲ್ಲಿ ಹೋಲ್ಡನ್, ಫಾಲ್ಕನ್ ಎಂಬ ಬಲಚಾಲನೆಯ ಕಾರುಗಳನ್ನು ದಶಕಗಳ ಕಾಲ ತಯಾರಿಸಿದ್ದರಿಂದ, ಷೆವ್ರೊಲೆಗೆ ಹೋಲ್ಡನ್‌ನ ಬಾಕ್ಸ್, ಮಸ್ಟಾಂಗ್‌ಗೆ ಫಾಲ್ಕನ್‌ನ ಬಾಕ್ಸ್ ಎಂಬ ರೂಢಿ ಬೆಳೆಯಿತು.

ಬಾಕ್ಸ್ ಕೂತ ಮೇಲೆ ಅದಕ್ಕೂ ಸ್ಟೀರಿಂಗಿಗೂ ನಡುವೆ ದಂಡ ಹಾಯಿಸಬೇಕು. ಮನೆಯಲ್ಲಿ ಮಾಡುವ ಮಾರ್ಪಾಡಿನಲ್ಲಿ ಅತಿ ಹೆಚ್ಚು ತಲೆಕೆಡಿಸುವ ಘಟ್ಟ ಇದು. ಫೋರ್ಡ್ ಮತ್ತು ಷೆವ್ರೊಲೆಯ ಸಣ್ಣ ವಿ8 ಎಂಜಿನುಗಳೆರಡರಲ್ಲೂ ಸ್ಟಾರ್ಟರ್ ಮೋಟಾರು ಬಲಬದಿಯಲ್ಲಿದೆ. ಎಡಚಾಲನೆಯಲ್ಲಿ ಅದು ಯಾರಿಗೂ ಅಡ್ಡಿಯಲ್ಲ. ಬಲಕ್ಕೆ ಬಂದೊಡನೆ ಸ್ಟಾರ್ಟರ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಸ್ಟೀರಿಂಗ್ ದಂಡ ಮೂರೂ ಒಂದೇ ಇಕ್ಕಟ್ಟಿಗೆ ನುಗ್ಗುತ್ತವೆ. ಇನ್ನೊಂದು ಸೂಕ್ಷ್ಮ ನಿಂತ ಕಾರಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಈ ಎಂಜಿನುಗಳು ಜೋರಾಗಿ ಎಳೆಯುವಾಗ ರಬ್ಬರ್ ಮೌಂಟಿಂಗುಗಳ ಮೇಲೆ ಹೊರಳಿ ಎಡಬದಿ ಏಳುತ್ತದೆ, ಬಲಬದಿ ಕುಸಿಯುತ್ತದೆ. ಅಂದರೆ ಮ್ಯಾನಿಫೋಲ್ಡ್ ದಂಡದ ಕಡೆಗೆ ಇಳಿಯುತ್ತದೆ. ಶೆಡ್ಡಿನಲ್ಲಿ ಬೆರಳು ತೂರುವಷ್ಟಿದ್ದ ಸಂದು ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಉಳಿಯದಿರಬಹುದು. ಆದ್ದರಿಂದ ಕಬ್ಬಿಣ ಕತ್ತರಿಸುವ ಮೊದಲು, ಎಂಜಿನ್ ತನ್ನ ಜಾಗದಲ್ಲಿರುವಾಗಲೇ ಮರದ ಕೋಲನ್ನೋ ಪಿವಿಸಿ ಪೈಪನ್ನೋ ಹಾಯಿಸಿ ದಾರಿ ಗೊತ್ತುಮಾಡಿಕೊಳ್ಳಬೇಕು.

ದಂಡ ನೇರವಾಗಿ ಹೋಗದಿದ್ದರೆ ಯೂನಿವರ್ಸಲ್ ಜಾಯಿಂಟುಗಳು ಬೇಕಾಗುತ್ತವೆ. ಒಂಟಿ ಜಾಯಿಂಟು ವಾಲಿದಾಗ ತಿರುಗುವಿಕೆ ಸಮನಾಗಿರುವುದಿಲ್ಲ. 30 ಡಿಗ್ರಿ ವಾಲಿಸಿದರೆ ಆಚೆ ತುದಿಯ ವೇಗ ಒಂದೇ ಸುತ್ತಿನಲ್ಲಿ 0.87ರಿಂದ 1.15 ಪಟ್ಟಿನ ನಡುವೆ ಏರಿಳಿಯುತ್ತದೆ, ಕೈಗೆ ಅದು ಎಡವಿದಂತೆ ತಿಳಿಯುತ್ತದೆ. ಎರಡು ಜಾಯಿಂಟುಗಳನ್ನು ಒಂದೇ ಕೋನದಲ್ಲಿ, ನೊಗಗಳು ಒಂದಕ್ಕೊಂದು ಸರಿಹೊಂದುವಂತೆ ಕೂರಿಸಿದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಮೂರು ಜಾಯಿಂಟು ಹಾಕಿದಾಗ ನಡುವಿನ ದಂಡಕ್ಕೆ ಬೇರಿಂಗಿನ ಆಸರೆ ಇಲ್ಲದಿದ್ದರೆ ಅದು ಬಾಗಿ ಕುಣಿಯುತ್ತದೆ. ದಂಡದ ತುದಿಯ ಸ್ಪ್ಲೈನಿನ ಹಲ್ಲುಗಳನ್ನೂ ಎಣಿಸಿಯೇ ಕೊಳ್ಳಬೇಕು. ಜನರಲ್ ಮೋಟಾರ್ಸ್ ಬಾಕ್ಸುಗಳಲ್ಲಿ ಮುಕ್ಕಾಲು ಇಂಚಿನ ದಂಡಕ್ಕೆ 30 ಹಲ್ಲಿನವೂ ಇವೆ, 36 ಹಲ್ಲಿನವೂ ಇವೆ. ಕಣ್ಣಳತೆಗೆ ಎರಡೂ ಒಂದೇ, ಆದರೆ ಒಂದರ ಜಾಯಿಂಟು ಇನ್ನೊಂದಕ್ಕೆ ಹೊಂದದು.

ಇಷ್ಟೆಲ್ಲ ರಗಳೆ ಬೇಡವೆಂದು ಎಡಬದಿಯ ಬಾಕ್ಸನ್ನು ಹಾಗೇ ಬಿಟ್ಟು, ಡ್ಯಾಶ್‌ಬೋರ್ಡಿನ ಹಿಂದೆ ಚೈನು ಅಥವಾ ಬೆವೆಲ್ ಗೇರುಗಳ ಮೂಲಕ ಬಲಬದಿಯ ಸ್ಟೀರಿಂಗಿಗೆ ಸಂಪರ್ಕ ಕೊಡುವ ಪದ್ಧತಿಯೂ ಇತ್ತು. ಚೈನು ಸಡಿಲಗೊಂಡಷ್ಟೂ ಸ್ಟೀರಿಂಗಿನಲ್ಲಿ ಆಟ ಹೆಚ್ಚುತ್ತದೆ. ಹರಿದರೆ ಕಾರು ಪೂರ್ತಿ ಕೈಬಿಟ್ಟಂತೆಯೇ. ಬಾಗಿಲು ತೆರೆದು ಇಂಥದ್ದು ಕಂಡರೆ, ಕಾರು ಎಷ್ಟೇ ಚೆಂದವಿದ್ದರೂ ಕೊಳ್ಳದಿರುವುದು ಒಳ್ಳೆಯದು.

ಪೆಡಲು ಮತ್ತು ಬ್ರೇಕು

ಕಾರು ಕನ್ನಡಿಬಿಂಬವಾದರೂ ಓಡಿಸುವವರ ಕಾಲು ಕನ್ನಡಿಬಿಂಬವಾಗುವುದಿಲ್ಲ. ಕ್ಲಚ್ಚು ಎಡಕ್ಕೆ, ಬ್ರೇಕು ನಡುವೆ, ಆಕ್ಸಿಲರೇಟರ್ ಬಲಕ್ಕೆ ಎಂಬ ಕ್ರಮ ಎರಡೂ ರೂಪಗಳಲ್ಲಿ ಒಂದೇ. ಬಲಚಾಲನೆಯಲ್ಲಿ ಕ್ಲಚ್ ಪೆಡಲು ಗೇರ್‌ಬಾಕ್ಸಿನ ಉಬ್ಬಿಗೆ ಒತ್ತಿಕೊಂಡು ಬರುತ್ತದೆ, ಎಡಗಾಲನ್ನು ಇಡಲು ಜಾಗವೇ ಇರುವುದಿಲ್ಲ. ಮಾರ್ಪಟ್ಟ ಕಾರುಗಳಲ್ಲಿ ಎಲ್ಲರೂ ಹೇಳುವ ದೂರು ಇದು. ಹಳೆಯ ಮಸ್ಟಾಂಗಿನಲ್ಲಿ ಕ್ಲಚ್ಚನ್ನು ಒತ್ತುವ ಅಡ್ಡದಂಡ ಎಂಜಿನಿನ ಎಡಕ್ಕಿದ್ದು ಬಲಬದಿಗೆ ಎಟುಕದ ಕಾರಣ, ಅದನ್ನು ತೆಗೆದು ಹೈಡ್ರಾಲಿಕ್ ಕ್ಲಚ್ ಹಾಕುವುದು ಉತ್ತಮ.

ಬ್ರೇಕಿನ ವಿಷಯದಲ್ಲಿ ಎರಡು ದಾರಿಗಳಿವೆ. ಮಾಸ್ಟರ್ ಸಿಲಿಂಡರನ್ನೇ ಬಲಕ್ಕೆ ತಂದು ಪೈಪುಗಳನ್ನು ಹೊಸದಾಗಿ ಬಾಗಿಸುವುದು ಒಂದು. ಸಿಲಿಂಡರ್ ಎಡದಲ್ಲೇ ಇದ್ದು, ಬಲದ ಪೆಡಲಿನಿಂದ ಫೈರ್‌ವಾಲಿನುದ್ದಕ್ಕೂ ಅಡ್ಡದಂಡ ಹಾಯಿಸುವುದು ಇನ್ನೊಂದು. ಕಾರ್ಖಾನೆಗಳೇ ಕೆಲವು ಕಾರುಗಳಲ್ಲಿ ಎರಡನೆಯದನ್ನು ಬಳಸಿವೆ. ಆದರೆ ಜೋರಾಗಿ ಬ್ರೇಕ್ ಒತ್ತಿದಾಗ ತೆಳುವಾದ ಅಡ್ಡದಂಡ ತಿರುಚಿಕೊಳ್ಳುತ್ತದೆ, ಕಾಲಿನ ಬಲದ ಒಂದು ಪಾಲು ಅಲ್ಲೇ ಕರಗುತ್ತದೆ. ಮನೆಯಲ್ಲಿ ಮಾಡುವವರು ಮೊದಲನೆಯದನ್ನೇ ಹಿಡಿಯಬೇಕು. ಫೈರ್‌ವಾಲಿನ ತಗಡಿಗೆ ಹೊಸ ಕಿಂಡಿ ಕೊರೆದರೆ ಸಾಲದು. ಪೆಡಲಿನ ಬ್ರಾಕೆಟ್ಟಿಗೆ ಹಿಂದಿನಿಂದ ದಪ್ಪ ಪ್ಲೇಟಿನ ಬಲ ಕೊಟ್ಟು ಡ್ಯಾಶಿನ ಚೌಕಟ್ಟಿಗೆ ಕಟ್ಟಬೇಕು. ಪರೀಕ್ಷೆ ಸುಲಭ: ಒಬ್ಬರು ಒಳಗೆ ಕೂತು ಶಕ್ತಿಯಿದ್ದಷ್ಟು ಬ್ರೇಕ್ ಒತ್ತಲಿ, ಇನ್ನೊಬ್ಬರು ಬಾನೆಟ್ ಎತ್ತಿ ಮಾಸ್ಟರ್ ಸಿಲಿಂಡರನ್ನು ನೋಡಲಿ. ಅದು ಮುಂದಕ್ಕೆ ತಲೆದೂಗಿದರೆ ಫೈರ್‌ವಾಲ್ ಬಾಗುತ್ತಿದೆ ಎಂದರ್ಥ.

ಇವಲ್ಲದೆ ಹೀಟರಿನ ಪೆಟ್ಟಿಗೆ ಎಡಕ್ಕೆ ಹೋಗಬೇಕು, ವೈಪರುಗಳು ಬಲಬದಿಯ ಗಾಜನ್ನು ಅಂಚಿನವರೆಗೆ ಒರೆಸುವಂತಾಗಬೇಕು. ಡ್ಯಾಶ್‌ಬೋರ್ಡನ್ನು ಸಾಮಾನ್ಯವಾಗಿ ಕತ್ತರಿಸಿ ಅದಲುಬದಲು ಮಾಡಿ ಬೆಸೆಯುತ್ತಾರೆ, ಇಲ್ಲವೇ ಫೈಬರ್‌ಗ್ಲಾಸಿನಲ್ಲಿ ಹೊಸದು ಎರೆಯುತ್ತಾರೆ. ಹೆಡ್‌ಲೈಟನ್ನು ಮರೆಯುವವರೇ ಹೆಚ್ಚು. ಬಲಮಗ್ಗುಲ ರಸ್ತೆಗೆಂದು ಮಾಡಿದ ದೀಪದ ಡಿಮ್ ಬೆಳಕು ಬಲಕ್ಕೆ ಮೇಲೇಳುತ್ತದೆ. ಎಡಮಗ್ಗುಲಲ್ಲಿ ಓಡುವಾಗ ಅದು ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಹಳೆಯ ಕಾರುಗಳ 7 ಇಂಚಿನ ದುಂಡು ದೀಪವಾದರೆ ಬದಲಿಸಲು ಹತ್ತು ನಿಮಿಷ ಸಾಕು. ಸ್ಟೀರಿಂಗ್ ಕೆಳಗೇ ಗೇರ್ ಲಿವರ್ ಇರುವ ಕಾರುಗಳಲ್ಲಿ ಲಿವರನ್ನು ಎಡಕ್ಕೆ ತಿರುಗಿಸದಿದ್ದರೆ ಅದು ಬಾಗಿಲಿಗೆ ತಾಗುತ್ತದೆ. ನಮ್ಮ ಹಳೆಯ ಅಂಬಾಸಿಡರ್ ಓಡಿಸಿದವರಿಗೆ ಎಡಗೈಯ ಆ ಲಿವರ್ ನೆನಪಿರುತ್ತದೆ.

ಏರ್‌ಬ್ಯಾಗು, ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರುವ ಈಚಿನ ಕಾರುಗಳು ಮನೆಯ ಗ್ಯಾರೇಜಿನ ಕೆಲಸವಲ್ಲ. ಅಪಘಾತದಲ್ಲಿ ಸ್ಟೀರಿಂಗ್ ಕಾಲಂ ಎಷ್ಟು ಕುಸಿಯಬೇಕು, ಚೀಲ ಯಾವ ಕ್ಷಣದಲ್ಲಿ ಬಿಚ್ಚಬೇಕು ಎಂಬುದನ್ನು ತಯಾರಕರು ಕಾರುಗಳನ್ನು ಗುದ್ದಿಸಿ ನೋಡಿ ನಿಗದಿ ಮಾಡಿರುತ್ತಾರೆ. ಕತ್ತರಿಸಿ ಜೋಡಿಸಿದ ಮೇಲೆ ಆ ಲೆಕ್ಕಕ್ಕೆ ಆಧಾರವಿರುವುದಿಲ್ಲ.

ಕಾನೂನು

ಆಸ್ಟ್ರೇಲಿಯಾದಲ್ಲಿ ಲಘು ವಾಹನಗಳ ಮಾರ್ಪಾಡಿಗೆ ವಿಎಸ್‌ಬಿ 14 ಎಂಬ ರಾಷ್ಟ್ರೀಯ ಸಂಹಿತೆ ಇದೆ. ರಾಜ್ಯ ಸರ್ಕಾರ ಮಾನ್ಯ ಮಾಡಿದ ಎಂಜಿನಿಯರ್ ಕಾರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ವಿಕ್ಟೋರಿಯಾದ ವಾಸ್, ನ್ಯೂ ಸೌತ್ ವೇಲ್ಸ್‌ನ ವಿಎಸ್‌ಸಿಸಿಎಸ್ ಯೋಜನೆಗಳು ಇದಕ್ಕಾಗಿಯೇ ಇವೆ. ನ್ಯೂಜಿಲೆಂಡಿನಲ್ಲಿ ಈ ಹೊಣೆ ಎಲ್‌ವಿವಿಟಿಎ ಸಂಘದ್ದು. ಕತ್ತರಿಸುವ ಮೊದಲೇ ಎಂಜಿನಿಯರನ್ನು ಕಂಡು ಮಾತಾಡುವುದು, ಪ್ರತಿ ಹಂತದ ಫೋಟೊ ಇಟ್ಟುಕೊಳ್ಳುವುದು ಬಲ್ಲವರ ಕ್ರಮ. ಬಣ್ಣ ಬಳಿದ ಮೇಲೆ ಬೆಸುಗೆ ಹೇಗಿದೆಯೆಂದು ಯಾರೂ ಹೇಳಲಾರರು. ಸ್ಟೀರಿಂಗ್ ಭಾಗವನ್ನು ಬೆಸೆಯಲೇಬೇಕಾಗಿ ಬಂದರೆ ಬಿರುಕಿನ ಪರೀಕ್ಷೆ ಮಾಡಿಸಬೇಕು.

ಆಸ್ಟ್ರೇಲಿಯಾದ ಬಹುತೇಕ ರಾಜ್ಯಗಳಲ್ಲಿ 30 ವರ್ಷ ದಾಟಿದ ಕಾರನ್ನು ಎಡಚಾಲನೆಯಲ್ಲೇ ನೋಂದಾಯಿಸಬಹುದು. ಹೀಗಾಗಿ 1960ರ ದಶಕದ ಕಾರನ್ನು ಇಂದು ತರಿಸಿಕೊಂಡವರು ಕತ್ತರಿಸುವ ಗೋಜಿಗೇ ಹೋಗದಿರುವುದುಂಟು. ಮೂಲರೂಪದ ಕಾರಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ಹಿಂದೊಮ್ಮೆ ಬಲಚಾಲನೆಗೆ ಬದಲಿಸಿದ ಕಾರನ್ನು ಮತ್ತೆ ಎಡಕ್ಕೆ ತಿರುಗಿಸುವವರೂ ಇದ್ದಾರೆ. ಫಿಲಿಪ್ಪೀನ್ಸ್‌ನಲ್ಲಿ ಬಲಚಾಲನೆಯ ವಾಹನಗಳನ್ನು 1998ರ ಕಾಯ್ದೆ ನಿಷೇಧಿಸಿದ್ದರಿಂದ ಜಪಾನಿನ ಹಳೆಯ ವಾಹನಗಳು ಅಲ್ಲಿ ಇದರ ತದ್ವಿರುದ್ಧ ಮಾರ್ಪಾಡಿಗೆ ಒಳಗಾಗುತ್ತವೆ.

ಭಾರತದಲ್ಲಿ

ಎಡಬದಿಯ ಸ್ಟೀರಿಂಗ್ ಭಾರತದಲ್ಲಿ ಪೂರ್ತಿ ನಿಷಿದ್ಧವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 120ನೆಯ ಕಲಮು, ನಿಗದಿತ ಸಂಜ್ಞಾಸಾಧನ ಸುಸ್ಥಿತಿಯಲ್ಲಿದ್ದರೆ ಅಂಥ ವಾಹನ ಓಡಿಸಲು ಎಡೆಕೊಡುತ್ತದೆ. ಮಾರ್ಪಾಡಿನ ವಿಷಯದಲ್ಲಿ ಮಾತ್ರ ಕಾನೂನು ಬಿಗಿ. ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವುದನ್ನು 52ನೆಯ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು.

ಇಲ್ಲಿ ಈ ಮಾತು ಹೆಚ್ಚಾಗಿ ಬರುವುದು ಹಳೆಯ ಜೀಪುಗಳ ಸುತ್ತ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಎಂಬಿ ಮತ್ತು ಫೋರ್ಡ್ ಜಿಪಿಡಬ್ಲ್ಯು ಜೀಪುಗಳು ಎಡಚಾಲನೆಯವು. ಯುದ್ಧ ಮುಗಿದ ಮೇಲೆ ಹರಾಜಾಗಿ ಖಾಸಗಿಯವರ ಕೈಸೇರಿದ ಇವುಗಳಿಗೆ, ಮುಂದೆ ಮಹೀಂದ್ರ ಕಂಪನಿ ಇದೇ ವಂಶದ ಬಲಚಾಲನೆಯ ಜೀಪುಗಳನ್ನು ತಯಾರಿಸಿದ್ದರಿಂದ ಹೊಂದಿಕೆಯಾಗುವ ಬಿಡಿಭಾಗಗಳು ದೇಶದೊಳಗೇ ದೊರೆತವು. ಎಂಬಿಯ ಸ್ಟೀರಿಂಗ್ ರಚನೆಯೂ ಇದಕ್ಕೆ ಒದಗಿಬರುವಂಥದು. ಬಾಕ್ಸಿನಿಂದ ಮುಂದಕ್ಕೆ ಹೋಗುವ ಡ್ರ್ಯಾಗ್ ಲಿಂಕ್ ಮುಂದಿನ ಆಕ್ಸಲಿನ ನಡುವಿರುವ ಬೆಲ್‌ಕ್ರ್ಯಾಂಕನ್ನು ತಿರುಗಿಸುತ್ತದೆ, ಅಲ್ಲಿಂದ ಎರಡೂ ಚಕ್ರಗಳಿಗೆ ಟೈ ರಾಡುಗಳು ಹೊರಡುತ್ತವೆ. ಕೊಂಡಿಗಳೆಲ್ಲ ಕೂಡುವ ಜಾಗ ನಡುವೆಯೇ ಇರುವುದರಿಂದ ಬಾಕ್ಸನ್ನು ಛಾಸಿಯ ಬಲಬದಿಗೆ ತಂದರೂ ಚಕ್ರಗಳ ಕಡೆಯ ಜೋಡಣೆಯನ್ನು ಹೆಚ್ಚು ಕೆಡವಬೇಕಾಗುವುದಿಲ್ಲ. ಯುದ್ಧಕಾಲದ ಮೂಲರೂಪ ಉಳಿಸಿಕೊಂಡ ಎಂಬಿ ಇಂದು ಅಪರೂಪದ ವಸ್ತು. ಅಂಥದ್ದು ಕೈಗೆ ಸಿಕ್ಕವರು ಅದನ್ನು ಎಡಚಾಲನೆಯಲ್ಲೇ ಬಿಟ್ಟು, ಹಿಂದೆ ಯಾರೋ ಬಲಕ್ಕೆ ತಂದಿದ್ದರೆ ಮೂಲದ ಬಾಕ್ಸ್ ಹುಡುಕಿ ಹಿಂದಕ್ಕೆ ಒಯ್ಯುವುದು ಸರಿ.